ಮೊದಲು ರ‍್ಯಾಮ್ ಮತ್ತು ಪ್ರೊಸೆಸರ್, ಆಮೇಲೆ ಫೋರ್ಸ್ ಫೀಡ್‌ಬ್ಯಾಕ್ ಬೇಸ್, ಕೊನೆಗೆ ಗ್ರಾಫಿಕ್ಸ್ ಕಾರ್ಡ್

ನಮಸ್ಕಾರ. ನಿಮ್ಮ ಪಿಸಿಯಲ್ಲಿ ರೈಜನ್ 5 3600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3060 12 ಜಿಬಿ ಇದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಿ ಸೆಸ್ನಾ 172, ಯುದ್ಧವಿಮಾನಗಳ ಸಿಮ್ಯುಲೇಟರ್ ಡಿಸಿಎಸ್‌ನಲ್ಲಿ ಎಂಐ-8 ಹೆಲಿಕಾಪ್ಟರ್ ಹಾರಿಸುತ್ತೀರಿ. ಒಂದೂವರೆ ಲಕ್ಷದಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಬೇಸ್ (ಒಳಗಿನ ಮೋಟಾರ್‌ನಿಂದ ಸ್ಟಿಕ್ಕನ್ನು ಎಳೆದು ತಳ್ಳಿ, ವಿಮಾನದ ಬಲವನ್ನು ಕೈಗೆ ತರುವ ಜಾಯ್‌ಸ್ಟಿಕ್ ಬುಡ) ತಗೊಳ್ಳಲೋ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಲೋ ಅಂತ ಕೇಳಿದ್ದೀರಿ. ಈ ಎರಡರಲ್ಲಿ ಒಂದು ಎಂದರೆ ಬೇಸ್ ತಗೊಳ್ಳಿ. ಆದರೆ ಅದಕ್ಕಿಂತ ಮೊದಲು ರ‍್ಯಾಮ್ ಮತ್ತು ಪ್ರೊಸೆಸರ್‌ಗೆ ಸ್ವಲ್ಪ ದುಡ್ಡು ತೆಗೆದಿಡಬೇಕು. ಫ್ರೇಮ್ ಎಡವುತ್ತಿರುವ ಪಿಸಿಗೆ ಎಷ್ಟು ಒಳ್ಳೆಯ ಬೇಸ್ ಜೋಡಿಸಿದರೂ ಕೈಗೆ ಸಿಗುವುದು ಒರಟು ಎಳೆತವೇ.

ಫೋರ್ಸ್ ಫೀಡ್‌ಬ್ಯಾಕ್ ಬೇಕೋ ಬೇಡವೋ ಎನ್ನುವುದು ನೀವು ಹಾರಿಸುವ ವಿಮಾನದ ಮೇಲೆ ನಿಂತಿದೆ. ಏರ್‌ಬಸ್ ಎ320ರ ಸೈಡ್‌ಸ್ಟಿಕ್ ನಿಜವಾದ ವಿಮಾನದಲ್ಲೇ ಬರೀ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ, ರೆಕ್ಕೆಯ ಮೇಲಿನ ಗಾಳಿಯ ಒತ್ತಡ ಪೈಲಟ್ ಕೈಗೆ ಬರುವುದಿಲ್ಲ. ಎಫ್-16ರ ಸ್ಟಿಕ್ ಕೂದಲೆಳೆಯಷ್ಟು ಮಾತ್ರ ಅಲುಗಾಡುತ್ತದೆ, ಅದು ಅಳೆಯುವುದು ಕೈಯ ಒತ್ತಡವನ್ನು. ಇವೆರಡನ್ನೇ ಹಾರಿಸುವವರು ಮೋಟಾರ್ ಬೇಸ್‌ಗೆ ದುಡ್ಡು ಹಾಕಬೇಕಿಲ್ಲ. ನಿಮ್ಮ ಎರಡೂ ಯಂತ್ರಗಳು ಹಾಗಲ್ಲ. ಸೆಸ್ನಾದಲ್ಲಿ ಯೋಕ್‌ನಿಂದ (ಸ್ಟೀರಿಂಗ್‌ನಂಥ ಹಿಡಿ) ಎಲಿವೇಟರ್‌ವರೆಗೆ (ಮೂಗನ್ನು ಏರಿಳಿಸುವ ಬಾಲದ ಹಲಗೆ) ಕೇಬಲ್ ಹೋಗುತ್ತದೆ, ಗಾಳಿಯ ಒತ್ತಡ ನೇರ ಕೈಗೇ ಬರುತ್ತದೆ. ಆ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 60 ನಾಟ್‌ನಲ್ಲಿ ಇದ್ದದ್ದು 120 ನಾಟ್‌ಗೆ ಹೋದರೆ ನಾಲ್ಕು ಪಟ್ಟು. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಹಂತ) ಹತ್ತಿರ ಬಂದಾಗ ಯೋಕ್ ಸಡಿಲವಾಗುವುದು, ಡೈವ್‌ನಲ್ಲಿ ಬಿಗಿಯಾಗುವುದು ಇದರಿಂದಲೇ. ಮಾಮೂಲಿ ಸ್ಪ್ರಿಂಗ್ ಸ್ಟಿಕ್ ಯಾವ ವೇಗದಲ್ಲೂ ಒಂದೇ ಬಿಗಿ.

ಅದಕ್ಕಿಂತ ದೊಡ್ಡ ಲಾಭ ಟ್ರಿಮ್‌ನಲ್ಲಿದೆ. ನಿಜವಾದ 172ರಲ್ಲಿ ಯೋಕನ್ನು ಬೇಕಾದ ಜಾಗದಲ್ಲಿ ಹಿಡಿದುಕೊಂಡು, ಕೈ ಮೇಲಿನ ಭಾರ ಹೋಗುವವರೆಗೆ ಟ್ರಿಮ್ ಚಕ್ರ ತಿರುಗಿಸುತ್ತಾರೆ. ಸ್ಪ್ರಿಂಗ್ ಸ್ಟಿಕ್‌ನಲ್ಲಿ ನಡುಬಿಂದು ಜರುಗುವುದಿಲ್ಲ, ಹಾಗಾಗಿ ಟ್ರಿಮ್ ಮಾಡುತ್ತಾ ಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ನಡುವಿಗೆ ಬಿಡಬೇಕು. ಮೂಗು ಮೇಲೆ ಕೆಳಗೆ ಆಡುವುದು ಅಲ್ಲೇ. ಎಂಐ-8ರಲ್ಲಿ ಸೈಕ್ಲಿಕ್ (ಹೆಲಿಕಾಪ್ಟರ್‌ನ ಮುಖ್ಯ ಸ್ಟಿಕ್) ಮೇಲಿನ ಟ್ರಿಮ್ಮರ್ ಬಟನ್ ಒತ್ತಿದರೆ ಸ್ಟಿಕ್ ಸಡಿಲ, ಬಿಟ್ಟರೆ ಇದ್ದ ಜಾಗದಲ್ಲೇ ಹೊಸ ನಡುಬಿಂದು. ಮೋಟಾರ್ ಬೇಸ್‌ನಲ್ಲಿ ಇದು ಹಾಗೆಯೇ ನಡೆಯುತ್ತದೆ. ಸ್ಪ್ರಿಂಗ್ ಸ್ಟಿಕ್‌ನಲ್ಲಾದರೆ ಬಟನ್ ಬಿಟ್ಟ ಕೂಡಲೇ ಸ್ಟಿಕ್ಕನ್ನು ನಡುವಿಗೆ ತರಬೇಕು, ಇಲ್ಲದಿದ್ದರೆ ಹೆಲಿಕಾಪ್ಟರ್ ಜಿಗಿಯುತ್ತದೆ. ಹೋವರ್ (ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು) ಕಲಿಯುವವರು ಸೋತು ಬಿಡುವುದಕ್ಕೆ ಇದೂ ಒಂದು ಕಾರಣ.

ಈಗ ಪಿಸಿ. ಒಂದು ರೂಪಾಯಿ ಖರ್ಚು ಮಾಡುವ ಮೊದಲು ಅಳೆದು ನೋಡಿ. ಸಿಮ್ಯುಲೇಟರ್‌ನ ಡೆವಲಪರ್ ಮೋಡ್ ಆನ್ ಮಾಡಿ ಎಫ್‌ಪಿಎಸ್ ಪಟ್ಟಿ ತೆರೆಯಿರಿ. ವಿಮಾನವನ್ನು ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಪಾರ್ಕಿಂಗ್‌ನಲ್ಲಿ, ಟ್ರಾಫಿಕ್ ಆನ್ ಇಟ್ಟು ನಿಲ್ಲಿಸಿ. ಪಟ್ಟಿಯಲ್ಲಿ ಮೇನ್‌ಥ್ರೆಡ್ (ಪ್ರೊಸೆಸರ್ ಮಾಡುವ ಮುಖ್ಯ ಕೆಲಸ) ತಡೆಯುತ್ತಿದೆ ಎಂದು ಬಂದರೆ ಹೊಸ ಗ್ರಾಫಿಕ್ಸ್ ಕಾರ್ಡ್‌ನಿಂದ ಅಲ್ಲಿ ಒಂದು ಫ್ರೇಮ್ ಕೂಡ ಏರದು. ಜಿಪಿಯು (ಗ್ರಾಫಿಕ್ಸ್ ಚಿಪ್) ಎಂದು ಬಂದರೆ ಮಾತ್ರ ಕಾರ್ಡ್ ವಿಚಾರ. 3600 ಇರುವ ಪಿಸಿಯಲ್ಲಿ 1080ಪಿ ಪರದೆಗೆ ಹೆಚ್ಚಾಗಿ ಮೇನ್‌ಥ್ರೆಡ್ ಎಂದೇ ಬರುತ್ತದೆ. ಸದ್ಯಕ್ಕೆ ಟೆರೇನ್ ಲೆವೆಲ್ ಆಫ್ ಡಿಟೇಲ್ (ನೆಲ ಎಷ್ಟು ದೂರದವರೆಗೆ ವಿವರವಾಗಿ ಕಾಣಬೇಕು ಎನ್ನುವ ಸೆಟ್ಟಿಂಗ್) ಅನ್ನು 200ರಿಂದ 100ಕ್ಕೆ ಇಳಿಸಿ, ಪ್ರೊಸೆಸರ್ ಮೇಲಿನ ಹೊರೆ ತಕ್ಷಣ ಇಳಿಯುವುದು ಕಾಣುತ್ತದೆ.

ಪ್ರೊಸೆಸರ್‌ನಲ್ಲಿ ಸಿಮ್‌ಗೆ ಬೇಕಾದದ್ದು ಕೋರ್‌ಗಳ ಸಂಖ್ಯೆಯಲ್ಲ, ದೊಡ್ಡ ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ). ಎಎಂಡಿಯ ಎಕ್ಸ್3ಡಿ ಸಾಲಿನ ಎಂಟು ಕೋರ್ ಚಿಪ್‌ಗಳಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ನಿಮ್ಮ 3600ರಲ್ಲಿ 32. ಬಿ450 ಬೋರ್ಡ್ ಉಳಿಸಿಕೊಂಡೇ 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಹಾಕಬಹುದು. ಹೊಸದು ಈಗ ಸುಲಭಕ್ಕೆ ಸಿಗುವುದಿಲ್ಲ, ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ, ಇಲ್ಲವೇ ಬಿಲ್ ಇರುವ ಸೆಕೆಂಡ್ ಹ್ಯಾಂಡ್ ನೋಡಿ. ತೆಗೆದುಕೊಳ್ಳುವಾಗ ಕೆಳಗಿನ ಪಿನ್‌ಗಳು ಬಾಗಿವೆಯೇ ಎಂದು ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ, ನಿಮ್ಮ ಬೋರ್ಡ್‌ನ ಎಎಂ4 ಸಾಕೆಟ್ಟಿನ ಚಿಪ್‌ಗಳಲ್ಲಿ ಪಿನ್ ಇರುವುದು ಚಿಪ್‌ನಲ್ಲೇ. ಹಳೆಯ ಚಿಪ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿಬಿಡಿ, ಚಿಪ್ ಬದಲಿಸಿದ ಮೇಲೆ ಪಿಸಿ ಏಳದೇ ಹೋದರೆ ಅಪ್‌ಡೇಟ್ ಮಾಡಲು ಹಳೆಯ ಚಿಪ್ಪನ್ನೇ ಮತ್ತೆ ಹಾಕಬೇಕಾಗಬಹುದು. 3600ರ ಜೊತೆ ಬಂದ ಚಿಕ್ಕ ಕೂಲರ್ ಇದಕ್ಕೆ ಸಾಲದು, 120 ಎಂಎಂ ಫ್ಯಾನ್ ಇರುವ ಟವರ್ ಕೂಲರ್ ಹಾಕಿ.

ರ‍್ಯಾಮ್ 32 ಜಿಬಿ ಮಾಡಿ, 16ರ ಎರಡು ಕಡ್ಡಿಗಳ ಒಂದೇ ಕಿಟ್. ಹಳೆಯ ಎರಡು ಕಡ್ಡಿಯ ಜೊತೆ ಬೇರೆ ಕಂಪನಿಯದು ಸೇರಿಸಿದರೆ ವೇಗ ಇಳಿಯಬಹುದು, ಕೆಲವೊಮ್ಮೆ ಸಿಮ್ ಅರ್ಧದಲ್ಲೇ ಬೀಳುತ್ತದೆ. ಹಾಕಿದ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಕಡ್ಡಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಕಡ್ಡಿ ಅದರ ಮೇಲೆ ಬರೆದಿರುವುದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಡಿಸಿಎಸ್ ಎಸ್‌ಎಸ್‌ಡಿಯಲ್ಲೇ ಇರಲಿ. 3060ರ 12 ಜಿಬಿ ಇನ್ನೂ ಕೆಲಸಕ್ಕೆ ಬರುತ್ತದೆ, ಮುಂದೆ ಬದಲಿಸಿದಾಗ 16 ಜಿಬಿಗಿಂತ ಕಡಿಮೆಯದಕ್ಕೆ ಹೋಗಬೇಡಿ.

ಫ್ರೇಮ್ ಎಷ್ಟು ಎನ್ನುವುದಕ್ಕಿಂತ ಎಷ್ಟು ಸಮವಾಗಿ ಬರುತ್ತದೆ ಎನ್ನುವುದು ಮುಖ್ಯ. ಬೇಸ್‌ನ ಅಲುಗಾಟ, ರೋಟರ್ ನಡುಕ, ಗಾಳಿಯ ಬಿಗಿ ಇವನ್ನೆಲ್ಲ ತಂತ್ರಾಂಶ ಲೆಕ್ಕ ಹಾಕುವುದು ಸಿಮ್ ಕಳಿಸುವ ಡೇಟಾ ನೋಡಿ, ಆ ಡೇಟಾ ಬರುವುದು ಫ್ರೇಮ್‌ನ ಜೊತೆಗೆ. 60ರಿಂದ 25ಕ್ಕೆ ಬಿದ್ದು ಏಳುವ ಪಿಸಿಯಲ್ಲಿ ಬಿಗಿ ಒಮ್ಮೆ ತಡವಾಗಿ, ಒಮ್ಮೆ ಜೋರಾಗಿ ಬರುತ್ತದೆ. ಡ್ರೈವರ್‌ನಲ್ಲಿ 40ಕ್ಕೆ ಮಿತಿ ಹಾಕಿ ಅಲ್ಲೇ ನಿಲ್ಲಿಸಿದರೆ ಕೈಗೆ ಎಷ್ಟೋ ಮೇಲು.

ಬೇಸ್ ಆಯ್ಕೆಗೆ ಬರೋಣ. ಮೋಜಾ ಎಬಿ9 ಮತ್ತು ವಿಪಿಫೋರ್ಸ್ ರೈನೋ ಈ ಗುಂಪಿನಲ್ಲಿ ಹೆಚ್ಚು ಕೇಳಿಬರುವ ಹೆಸರುಗಳು, ಬ್ರನ್ನರ್ ಅವೆರಡಕ್ಕಿಂತ ಬಹಳ ದುಬಾರಿ. ಎಬಿ9ರ ಟಾರ್ಕ್ (ತಿರುಗಿಸುವ ಬಲ) 9 ನ್ಯೂಟನ್ ಮೀಟರ್. ಈ ಸಂಖ್ಯೆಯನ್ನು ಕೈಗೆ ಬರುವ ಭಾರವಾಗಿ ಓದಬೇಕು: ತಿರುಗುವ ಬಿಂದುವಿನಿಂದ ಕೈ 20 ಸೆಂ.ಮೀ ಮೇಲಿದ್ದರೆ 45 ನ್ಯೂಟನ್, ಅಂದರೆ ಸುಮಾರು ನಾಲ್ಕೂವರೆ ಕಿಲೋ. ಎಕ್ಸ್‌ಟೆನ್ಷನ್ ಹಾಕಿ ಅದೇ 30 ಸೆಂ.ಮೀ ಆದರೆ 30 ನ್ಯೂಟನ್, ಮೂರು ಕಿಲೋ. ಹೆಲಿಕಾಪ್ಟರ್‌ಗೆ ಉದ್ದ ಸ್ಟಿಕ್ ಚೆನ್ನ, ಭಾರ ಬೇಕಿಲ್ಲ, ನಯ ಬೇಕು. ಇನ್ನೊಂದು ವಿಷಯ, ಬೇಸ್‌ನ ಬೆಲೆಯಲ್ಲಿ ಗ್ರಿಪ್ ಸಾಮಾನ್ಯವಾಗಿ ಸೇರಿರುವುದಿಲ್ಲ. ನಿಮ್ಮಲ್ಲಿರುವ ಗ್ರಿಪ್‌ನ ಕನೆಕ್ಟರ್ ಅದಕ್ಕೆ ಕೂರುತ್ತದೆಯೇ, ಅಡಾಪ್ಟರ್ ಬೇಕೇ ಎಂದು ಮೊದಲೇ ಕೇಳಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಅದರ ಮೇಲೆ ಜಿಎಸ್‌ಟಿ, ಕೊರಿಯರ್‌ನವರ ಶುಲ್ಕ ಸೇರಿ ಮನೆಗೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿಯೇ ಆರ್ಡರ್ ಮಾಡಿ. ಕೆಟ್ಟರೆ ವಾಪಸ್ ಕಳಿಸುವ ಖರ್ಚು ಯಾರದ್ದು ಎಂಬುದನ್ನೂ ಬರಹದಲ್ಲಿ ತಗೊಳ್ಳಿ.

ಅಮೆರಿಕದಲ್ಲಿರುವ ಗೆಳೆಯರು ಹಳೆಯ ಮೈಕ್ರೋಸಾಫ್ಟ್ ಸೈಡ್‌ವೈಂಡರ್ ಫೋರ್ಸ್ ಫೀಡ್‌ಬ್ಯಾಕ್ 2 ತಂದುಕೊಟ್ಟರೆ ಅದೂ ಆಗುತ್ತದೆ, ಯುಎಸ್‌ಬಿ, ವಿಂಡೋಸ್ ಇನ್ನೂ ಗುರುತಿಸುತ್ತದೆ. ಆದರೆ ಲೇಬಲ್‌ನಲ್ಲಿ 120 ವೋಲ್ಟ್ ಎಂದಿದ್ದರೆ ನಮ್ಮ 230ರ ಪ್ಲಗ್‌ಗೆ ಚುಚ್ಚಿದ ಕ್ಷಣವೇ ಸುಡುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ದುಡ್ಡು ಸಾಲದೇ ಬಂದರೆ ಎಂಐ-8ಗೆ ಮಾತ್ರ ಒಂದು ಅಗ್ಗದ ದಾರಿ ಇದೆ. ವಿಕೆಬಿ ಗನ್‌ಫೈಟರ್‌ನಂಥ ಡ್ರೈ ಕ್ಲಚ್ (ಉಜ್ಜಾಟದಿಂದ ಸ್ಟಿಕ್ಕನ್ನು ಹಿಡಿದಿಡುವ ಭಾಗ) ಇರುವ ಬೇಸ್‌ನಲ್ಲಿ ಸ್ಪ್ರಿಂಗ್ ಬಿಚ್ಚಿ, ಸ್ಟಿಕ್ ಬಿಟ್ಟ ಕಡೆ ನಿಲ್ಲುವಷ್ಟು ಕ್ಲಚ್ ಬಿಗಿ ಮಾಡಿ. ಆಮೇಲೆ ಡಿಸಿಎಸ್‌ನ ಸ್ಪೆಷಲ್ ಆಪ್ಷನ್‌ನಲ್ಲಿ ಟ್ರಿಮ್ಮರ್ ವಿಧಾನವನ್ನು ಸ್ಪ್ರಿಂಗ್ ಇಲ್ಲದ ಜಾಯ್‌ಸ್ಟಿಕ್‌ಗೆ ಬದಲಿಸಿ. ಹೋವರ್‌ಗೆ ಇದು ನಿಜಕ್ಕೂ ಒಳ್ಳೆಯದು. ಸೆಸ್ನಾಗೆ ಆಗದು.

ಕೂರಿಸುವುದನ್ನು ಹಗುರವಾಗಿ ತಗೊಳ್ಳಬೇಡಿ. ಪಾರ್ಟಿಕಲ್ ಬೋರ್ಡ್ ಟೇಬಲ್‌ಗೆ ಕ್ಲಾಂಪ್ ಹಾಕಿದರೆ ಬೇಸ್‌ನ ಬಲವೆಲ್ಲ ಟೇಬಲ್ ಬಾಗುವುದಕ್ಕೇ ಹೋಗುತ್ತದೆ, ಕೆಲವೇ ತಿಂಗಳಲ್ಲಿ ಅಂಚು ಪುಡಿಯಾಗುತ್ತದೆ. ಪೀಣ್ಯದ ಅಂಗಡಿಗಳಲ್ಲಿ 40×40 ಅಲ್ಯೂಮಿನಿಯಂ ಪ್ರೊಫೈಲ್ ಅಳತೆಗೆ ಕತ್ತರಿಸಿ ಕೊಡುತ್ತಾರೆ, ಟಿ-ನಟ್, ಮೂಲೆ ಬ್ರಾಕೆಟ್ ಸಹ ಅಲ್ಲೇ ಸಿಗುತ್ತವೆ. ಕುರ್ಚಿಯ ಕಾಲು ಅದೇ ಫ್ರೇಮ್‌ಗೆ ಸೇರಿರಲಿ. ಚಕ್ರದ ಕುರ್ಚಿಯಾದರೆ ರಡ್ಡರ್ ಪೆಡಲ್ ಒತ್ತಿದ ಕೂಡಲೇ ಹಿಂದಕ್ಕೆ ಜಾರುತ್ತದೆ. ಬೇಸ್‌ನ ಸ್ವಿಚ್ ಎಡಗೈಗೆ ಸಿಗುವ ಕಡೆ ಇರಲಿ, ಆನ್ ಮಾಡುವಾಗ, ಕ್ಯಾಲಿಬ್ರೇಟ್ ಆಗುವಾಗ ಸ್ಟಿಕ್ಕಿನ ಹತ್ತಿರ ಕೈ, ಕಾಫಿ ಲೋಟ ಏನೂ ಬೇಡ. ಮಕ್ಕಳಿರುವ ಮನೆಯಾದರೆ ಪ್ಲಗ್ ಕಿತ್ತೇ ಇಡಿ.

ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿಯಿಲ್ಲದಿರುವುದು ಸಾಮಾನ್ಯ. ಪಿಸಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಅರ್ತ್ ಇಲ್ಲ ಎಂದೇ ಅರ್ಥ, ಎಸ್‌ಎಂಪಿಎಸ್‌ನ (ಪಿಸಿಯ ಪವರ್ ಸಪ್ಲೈ) ಫಿಲ್ಟರ್ ಕೆಪಾಸಿಟರ್‌ಗಳಿಂದ ಲೀಕ್ ಆಗುವ ಕರೆಂಟ್ ಕ್ಯಾಬಿನೆಟ್‌ನಲ್ಲೇ ನಿಂತಿರುತ್ತದೆ. ಆ ಸ್ಥಿತಿಯಲ್ಲಿ ಮೋಟಾರ್ ಬೇಸ್ ಜೋಡಿಸಿದರೆ ಯುಎಸ್‌ಬಿ ಪದೇ ಪದೇ ಕಡಿದುಹೋಗಬಹುದು, ತಪ್ಪು ಬೇಸ್‌ನದ್ದು ಎಂದುಕೊಂಡು ವಾಪಸ್ ಕಳಿಸುವವರಿದ್ದಾರೆ. ಎಲೆಕ್ಟ್ರಿಷಿಯನ್ ಕೈಲಿ ನ್ಯೂಟ್ರಲ್ ಮತ್ತು ಅರ್ತ್ ನಡುವಿನ ವೋಲ್ಟೇಜ್ ನೋಡಿಸಿ, ಒಂದೆರಡು ವೋಲ್ಟ್‌ಗಿಂತ ಹೆಚ್ಚಿರಬಾರದು. ಬೇಸ್, ಪಿಸಿ, ಮಾನಿಟರ್ ಮೂರೂ ಒಂದೇ ಬೋರ್ಡ್‌ನಿಂದ ಹೋಗಲಿ. ಬೇಸ್‌ನ ಯುಎಸ್‌ಬಿ ನೇರ ಮದರ್‌ಬೋರ್ಡ್‌ಗೆ, ಹಬ್ ಬೇಡ. ವಿಂಡೋಸ್ ಪವರ್ ಪ್ಲ್ಯಾನ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ.

ಡಿಸಿಎಸ್‌ನಲ್ಲಿ ಮೊದಲು ಆಪ್ಷನ್ಸ್‌ನಲ್ಲಿ ಫೋರ್ಸ್ ಫೀಡ್‌ಬ್ಯಾಕ್ ಗುರುತು ಹಾಕಿ. ಸ್ಟಿಕ್ ಮುಂದೆ ತಳ್ಳಿದಾಗ ಪಕ್ಕಕ್ಕೆ ಎಳೆದರೆ ಅಕ್ಷಗಳು ಅದಲುಬದಲಾಗಿವೆ: ಕಂಟ್ರೋಲ್ಸ್ ಪುಟದ ಎಫ್‌ಎಫ್ ಟ್ಯೂನ್‌ನಲ್ಲಿ ಸ್ವಾಪ್ ಆಕ್ಸಿಸ್ ಒತ್ತಿ. ಟೆಲಿಮೆಟ್ರಿ ತಂತ್ರಾಂಶ (ಸಿಮ್‌ನ ಡೇಟಾ ಓದಿ ಬಲ ಲೆಕ್ಕ ಹಾಕುವುದು) ಹಾಕಿದರೆ ಅದು ಸೇವ್ಡ್ ಗೇಮ್ಸ್ ಒಳಗಿನ ಎಕ್ಸ್‌ಪೋರ್ಟ್ ಫೈಲ್‌ಗೆ ಒಂದು ಸಾಲು ಸೇರಿಸುತ್ತದೆ. ರೇಡಿಯೊ ಮುಂತಾದ ಬೇರೆ ತಂತ್ರಾಂಶಗಳೂ ಅದೇ ಫೈಲ್‌ಗೆ ಬರೆಯುತ್ತವೆ, ಒಂದರ ಸಾಲು ಕೆಟ್ಟರೆ ಉಳಿದವೂ ನಿಲ್ಲಬಹುದು. ಡಿಸಿಎಸ್ ರಿಪೇರ್ ಕೊಟ್ಟರೂ ಈ ಫೈಲ್ ಮುಟ್ಟುವುದಿಲ್ಲ, ನೀವೇ ತೆರೆದು ನೋಡಬೇಕು.

ಸಿಮ್ಯುಲೇಟರ್ 2020 ಸ್ಟಿಕ್‌ಗೆ ತಾನಾಗಿ ಬಲ ಕಳಿಸುವುದಿಲ್ಲ, ಬೇಸ್ ಜೊತೆ ಬರುವ ತಂತ್ರಾಂಶ ಸಿಮ್‌ಕನೆಕ್ಟ್ (ಸಿಮ್‌ನ ಡೇಟಾವನ್ನು ಬೇರೆ ತಂತ್ರಾಂಶಕ್ಕೆ ಕೊಡುವ ದಾರಿ) ಮೂಲಕ ಓದಿ ಲೆಕ್ಕ ಹಾಕಬೇಕು. ಇಲ್ಲಿ ಎಲ್ಲರೂ ಎಡವುವ ಜಾಗ ಟ್ರಿಮ್. ತಂತ್ರಾಂಶ ಟ್ರಿಮ್‌ಗೆ ತಕ್ಕಂತೆ ಸ್ಟಿಕ್ಕಿನ ನಡುಬಿಂದು ಜರುಗಿಸುತ್ತದೆ, ಜರುಗಿದ ಸ್ಟಿಕ್ಕನ್ನು ಸಿಮ್ ಎಲಿವೇಟರ್ ಎಳೆದಂತೆ ಓದುತ್ತದೆ, ಅದರ ಮೇಲೆ ಟ್ರಿಮ್ ಬೇರೆ. ಎರಡೂ ಸೇರಿ ಮೂಗು ದುಪ್ಪಟ್ಟು ಏರುತ್ತದೆ. ಹೀಗೆ ನಡುಬಿಂದು ಜರುಗಿಸುವ ಟ್ರಿಮ್ ಫಾಲೋ ಬಳಸುವುದಾದರೆ ಸಿಮ್‌ನ ಕಂಟ್ರೋಲ್ಸ್‌ನಲ್ಲಿ ಎಲಿವೇಟರ್ ಅಕ್ಷ ಅಳಿಸಿ, ಅದನ್ನು ತಂತ್ರಾಂಶವೇ ಸಿಮ್‌ಗೆ ಕಳಿಸುವಂತೆ ಮಾಡಿ.

ಗೇನ್ (ಬೇಸ್‌ನ ಒಟ್ಟು ಬಲದ ಮಟ್ಟ) 100ಕ್ಕೆ ಏರಿಸುವ ಆಸೆ ಬೇಡ. ಸ್ಪ್ರಿಂಗ್ ಬಲವೇ ಮೋಟಾರನ್ನು ಪೂರ್ತಿ ನುಂಗಿದರೆ ಸ್ಟಾಲ್ ನಡುಕಕ್ಕೆ ಜಾಗವೇ ಉಳಿಯದು, 60–70ರಲ್ಲಿ ಶುರು ಮಾಡಿ. ಕೈ ಬಿಟ್ಟಾಗ ಸ್ಟಿಕ್ ತಾನೇ ಎಡಬಲ ತೂಗಾಡಿದರೆ ಡ್ಯಾಂಪರ್ (ತೂಗಾಟ ತಡೆಯುವ ಸೆಟ್ಟಿಂಗ್) ಐದೈದೇ ಏರಿಸಿ, ನಿಲ್ಲದಿದ್ದರೆ ಸ್ಪ್ರಿಂಗ್ ಇಳಿಸಿ. ಟ್ರಿಮ್ ಇಲ್ಲದೇ ಹೊತ್ತುಗಟ್ಟಲೆ ಎಳೆದು ಹಿಡಿದರೆ ಮೋಟಾರ್ ಬಿಸಿಯಾಗಿ ಬಲ ತಾನೇ ಕುಗ್ಗುತ್ತದೆ, ಅದು ಕೆಟ್ಟಿದ್ದಲ್ಲ.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಗೆ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಿಂದ 172 ಹಾರಿಸಿ, 90 ನಾಟ್‌ನಲ್ಲಿ ಟ್ರಿಮ್ ಮಾಡಿ ಕೈ ಬಿಡಿ. ವಿಮಾನ ಅದೇ ವೇಗದಲ್ಲಿ ಉಳಿಯಬೇಕು, ಸ್ಟಿಕ್ ನಡುವಿನಿಂದ ಸ್ವಲ್ಪ ಆಚೆ ನಿಂತಿರಬೇಕು. ಪವರ್ ತೆಗೆದು ಸ್ಟಾಲ್‌ವರೆಗೆ ಎಳೆದರೆ ಬಿಗಿ ಕರಗುತ್ತಾ ಬರಬೇಕು. ಇವೆರಡರಲ್ಲಿ ಒಂದು ಆಗದಿದ್ದರೆ ತಂತ್ರಾಂಶದ ಸೆಟ್ಟಿಂಗ್ ಪುಟದ ಸ್ಕ್ರೀನ್‌ಶಾಟ್ ಮತ್ತು ಎಫ್‌ಪಿಎಸ್ ಪಟ್ಟಿ ಎರಡನ್ನೂ ಇಲ್ಲೇ ಹಾಕಿ, ನೋಡಿ ಹೇಳೋಣ.