ತೌಡಿನಿಂದ ಕಿಣ್ವ ತೆಗೆಯಬಹುದೇ?

ಪ್ರಶ್ನೆ: ನಮ್ಮದು ಸಿಂಧನೂರಿನಲ್ಲಿ ಅಕ್ಕಿ ಗಿರಣಿ. ತೌಡಿನ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ಕಾರ್ಖಾನೆಗಳಿಗೆ ಬೇಕಾದ ಕಿಣ್ವ ತೆಗೆಯಬಹುದು ಅಂತ ಮಗಳು ಹೇಳುತ್ತಾಳೆ. ಗಿರಣಿಯಲ್ಲೇ ಮಾಡಲು ಆಗುತ್ತಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಮಗಳ ಮಾತು ಸರಿ. ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಪಿಷ್ಟವನ್ನು ಹಾಗೇ ನುಂಗಲಾರದು. ಅಮೈಲೇಸ್ ಎಂಬ ಕಿಣ್ವವನ್ನು ಹೊರಗೆ ಬಿಟ್ಟು, ಪಿಷ್ಟವನ್ನು ಒಡೆದು, ಆಮೇಲೆ ಹೀರಿಕೊಳ್ಳುತ್ತದೆ. ಕಿಣ್ವ ಹೊರಗೇ ಇರುವುದರಿಂದ, ಬ್ಯಾಕ್ಟೀರಿಯಾ ಬೆಳೆದು ಹುದುಗಿದ ತೌಡನ್ನು ನೀರಿನಲ್ಲಿ ಕಲಸಿ ಸೋಸಿದರೆ ಅದು ನೀರಿನ ಜೊತೆ ಬರುತ್ತದೆ. ಬಟ್ಟೆ ಗಿರಣಿಗಳಲ್ಲಿ ನೂಲಿನ ಗಂಜಿ ಬಿಡಿಸಲು ಇದೇ ಬೇಕು. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) 1980ರ ದಶಕದಲ್ಲೇ ಗೋಧಿ ಬೂಸಾದ ಮೇಲೆ ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಬೆಳೆಸಿ ಅಮೈಲೇಸ್ ತೆಗೆದಿದ್ದಾರೆ.

ಆದರೆ ತೌಡನ್ನು ಕಸ ಅಂತ ಎಣಿಸಬೇಡಿ. ಅದು ದನದ ಮೇವು, ಎಣ್ಣೆಯ ಮೂಲ. ಗಿರಣಿಯಿಂದ ಬಂದ ಹಸಿ ತೌಡಿನಲ್ಲಿ ಎಣ್ಣೆಯನ್ನು ಒಡೆಯುವ ಲೈಪೇಸ್ ಇರುತ್ತದೆ. ಹಾಗೇ ಇಟ್ಟರೆ ಬೇಗ ಕಮಟು ಹಿಡಿಯುತ್ತದೆ. ಎಣ್ಣೆಗೆ ಕೊಟ್ಟು, ಉಳಿದ ಹಿಂಡಿಯನ್ನು ಹುದುಗುವಿಕೆಗೆ ಬಳಸುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಬಿಸಿಯ ವಿಷಯದಲ್ಲಿ. ಬ್ಯಾಕ್ಟೀರಿಯಾ ಬೆಳೆದಂತೆ ಶಾಖ ಹುಟ್ಟುತ್ತದೆ. ತೌಡು ಶಾಖವನ್ನು ಸುಲಭಕ್ಕೆ ಬಿಡುವುದಿಲ್ಲ. ದಪ್ಪಗೆ ಹರಡಿದರೆ ನಡುವೆ ಕಾದು ಒಣಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒದ್ದೆ ಗಾಳಿ ಆಡಿಸಿ, ಸುಮಾರು 37 ಡಿಗ್ರಿಯಲ್ಲಿ ಇಡಿ. ಅದಕ್ಕೂ ಮೊದಲು ತೌಡನ್ನು ನೀರು ಬೆರೆಸಿ, ಒತ್ತಡದ ಹಬೆಯಲ್ಲಿ 121 ಡಿಗ್ರಿಗೆ ಕಾಯಿಸಬೇಕು. ಇದನ್ನು ತಪ್ಪಿಸಿದರೆ ಬೂಸ್ಟು ಮುಂದಾಗುತ್ತದೆ. ಸೌದೆ, ಕರೆಂಟಿನ ಖರ್ಚು ಜಾಸ್ತಿ ಬೀಳುವುದೂ ಇಲ್ಲೇ. ತೌಡು ಅಗ್ಗ ಅಂತ ಲೆಕ್ಕ ಅಲ್ಲಿಗೇ ನಿಲ್ಲಿಸಬೇಡಿ.

ಗದ್ದೆ ಮಣ್ಣಿನಿಂದ ಸಿಕ್ಕ ಬ್ಯಾಕ್ಟೀರಿಯಾವನ್ನು ಸುಮ್ನೆ ಹಾಕಬೇಡಿ. ಆಹಾರವನ್ನು ವಿಷ ಮಾಡುವ ಬ್ಯಾಸಿಲಸ್ ಸೀರಿಯಸ್ ಕೂಡ ಮಣ್ಣಲ್ಲೇ ಇರುತ್ತದೆ. ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹದಿಂದ ಗುರುತಿರುವ ತಳಿ ತರಿಸಿ. ಮಗಳು ಅದನ್ನು ಪಿಷ್ಟ ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ತಟ್ಟೆಯಲ್ಲಿ ಬೆಳೆಸಿ, ಮೇಲೆ ಅಯೋಡಿನ್ ಸುರಿಯಲಿ. ಪಿಷ್ಟ ಇರುವಲ್ಲಿ ಗಾಢ ನೀಲಿ. ಬ್ಯಾಕ್ಟೀರಿಯಾ ಅದನ್ನು ಒಡೆದಿದ್ದರೆ ಸುತ್ತ ಬಣ್ಣವಿಲ್ಲದ ಉಂಗುರ. ಸಾಮಾನ್ಯವಾಗಿ ಉಂಗುರ ಅಗಲವಾದಷ್ಟೂ ತಳಿ ಚೆನ್ನಾಗಿದೆ ಅಂತ ಅರ್ಥ. ಆಮೇಲೆ ಸೋಸಿದ ನೀರಿನಲ್ಲಿ ಕಿಣ್ವದ ಬಲ ಎಷ್ಟು ಅಂತ ಪ್ರಯೋಗಾಲಯದಲ್ಲಿ ಅಳೆಸಿ, ಆ ಅಂಕಿ ಹಿಡಿದು ಬಟ್ಟೆ ಗಿರಣಿಯವರನ್ನು ಕೇಳಿ. ಕೊಳ್ಳುವವರು ಸಿಕ್ಕ ಮೇಲೆ ಹಬೆ ಪಾತ್ರೆಗೆ ದುಡ್ಡು ಹಾಕಿ.