ಪಿಕಪ್‌ಗೆ ಸಿಬಿ ರೇಡಿಯೋ: ಕುಂಯ್ ಅನ್ನೋ ಸದ್ದು, ಏರಿದ ಮೀಟರ್, ಸತ್ತ ಬ್ಯಾಟರಿ

ಹೋದ ಸಲ ಗಾಡಿಗೆ ಎಕ್ಸ್‌ಟ್ರಾ ಲೈಟ್ ಹಾಕೋದರ ಬಗ್ಗೆ ಬರೆದಿದ್ದಕ್ಕೆ ಪಿಕಪ್ ಓಡಿಸೋರಿಂದಲೇ ಜಾಸ್ತಿ ಪ್ರಶ್ನೆ ಬಂದಿದೆ, ಅದರಲ್ಲೂ ಸಿಬಿ ರೇಡಿಯೋ (ಗಾಡಿಯಿಂದ ಗಾಡಿಗೆ ಮಾತಾಡೋ ವಾಕಿಟಾಕಿ ಥರದ್ದು) ಹಾಕಿಸಿಕೊಂಡು ಒದ್ದಾಡ್ತಿರೋರದ್ದು. ಐದು ಪ್ರಶ್ನೆ ತಗೊಂಡಿದೀನಿ. ಓದ್ತಾ ಹೋದ್ರೆ ನಿಮಗೇ ಗೊತ್ತಾಗುತ್ತೆ, ಮೊದಲ ಎರಡು ಪ್ರಶ್ನೆ ಬೇರೆ ಬೇರೆ ಆದ್ರೂ ಕಳ್ಳ ಮಾತ್ರ ಹೆಚ್ಚುಕಮ್ಮಿ ಒಬ್ಬನೇ, ಅರ್ತಿಂಗ್, ಅಂದ್ರೆ ಗಾಡಿಯ ಲೋಹದ ಮೈಗೆ ಸಿಗಬೇಕಾದ ಸಂಪರ್ಕ.

ಪ್ರಶ್ನೆ: ಸರ್, ರೇಡಿಯೋಗೆ ಕರೆಂಟನ್ನ ಡ್ಯಾಶ್‌ಬೋರ್ಡಲ್ಲಿರೋ ಲೈಟರ್ ಸಾಕೆಟ್‌ನಿಂದ ಕೊಟ್ಟಿದೀನಿ. ಇಂಜಿನ್ ಆಫ್ ಇದ್ರೆ ಸೂಪರ್ ಕ್ಲಿಯರ್. ಸ್ಟಾರ್ಟ್ ಮಾಡಿದ ತಕ್ಷಣ ಕುಂಯ್ ಅಂತ ಶುರು, ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಆ ಸದ್ದೂ ಏರುತ್ತೆ. ಅಂಗಡಿಯವರು ರೇಡಿಯೋನೇ ಹೋಗಿದೆ, ಬದಲಾಯಿಸಿ ಅಂತಾರೆ. ಬದಲಾಯಿಸ್ಲಾ?

ಉತ್ತರ: ಬೇಡ. ಇಂಜಿನ್ ಜೊತೆ ಶ್ರುತಿ ಏರೋದು ಇಳಿಯೋದು ಮಾಡಿದ್ರೆ ಅದು ಆಲ್ಟರ್ನೇಟರ್ (ಇಂಜಿನ್ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡೋದು) ಹಾಡು, ರೇಡಿಯೋದ್ದಲ್ಲ. ಟಿಕ್ ಟಿಕ್ ಟಿಕ್ ಅಂತ ಬಿಡಿಬಿಡಿಯಾಗಿ ಕೇಳಿಸಿ, ರೇಸ್ ಮಾಡಿದ್ರೆ ಆ ಟಿಕ್ ಟಿಕ್ ಬೇಗ ಬೇಗ ಬರೋದಾದ್ರೆ ಪೆಟ್ರೋಲ್ ಗಾಡಿಯ ಸ್ಪಾರ್ಕ್ ಪ್ಲಗ್ ಕಡೆ ನೋಡಬೇಕು, ಅದು ಬೇರೆ ಕಥೆ.

ಮೊದಲು ಒಂದು ಚಿಕ್ಕ ಟೆಸ್ಟ್ ಮಾಡಿ. ಇಂಜಿನ್ ಓಡ್ತಿರಲಿ, ರೇಡಿಯೋ ಆನ್ ಇರಲಿ, ಹಿಂದಿನಿಂದ ಆಂಟೆನಾ ಪ್ಲಗ್ ಬಿಚ್ಚಿ, ಬಿಚ್ಚಿದ ಮೇಲೆ ಅಪ್ಪಿತಪ್ಪಿಯೂ ಮೈಕ್ ಬಟನ್ ಒತ್ತಬೇಡಿ, ಆಂಟೆನಾ ಇಲ್ಲದೆ ಟ್ರಾನ್ಸ್‌ಮಿಟ್ ಮಾಡಿದ್ರೆ ಆಗ ನಿಜವಾಗ್ಲೂ ರೇಡಿಯೋ ಸುಟ್ಟು ಹೋಗಬಹುದು. ಪ್ಲಗ್ ತೆಗೆದ್ರೂ ಕುಂಯ್ ಹಾಗೇ ಇದ್ರೆ ಸದ್ದು ಕರೆಂಟ್ ವೈರ್ ದಾರಿಯಲ್ಲಿ ಬರ್ತಿದೆ, ನಿಂತು ಹೋದ್ರೆ ಆಂಟೆನಾ ದಾರಿ. ನಿಮ್ಮದು ಲೈಟರ್ ಸಾಕೆಟ್ ಆಗಿರೋದ್ರಿಂದ ಮೊದಲನೇದೇ ಇರಬೇಕು ಅನ್ನೋದು ನನ್ನ ಅಂದಾಜು, ಯಾಕಂದ್ರೆ ಆ ಸಾಕೆಟ್‌ಗೆ ಬರೋ ವೈರ್ ದಾರೀಲಿ ಇನ್ನೂ ಎಷ್ಟೋ ಸಾಮಾನಿಗೆ ಕರೆಂಟ್ ಹಂಚ್ಕೊಂಡು ಬಂದಿರುತ್ತೆ, ಅದರ ಮೈನಸ್ಸೂ ಡ್ಯಾಶ್‌ಬೋರ್ಡ್ ಹಿಂದೆ ಎಲ್ಲೋ ಹತ್ತು ವೈರ್ ಸೇರಿಸಿರೋ ಒಂದೇ ಸ್ಕ್ರೂಗೆ ಹೋಗಿರುತ್ತೆ.

ಪರಿಹಾರ ಏನಂದ್ರೆ ಪ್ಲಸ್ ವೈರ್ ನೇರವಾಗಿ ಬ್ಯಾಟರಿಯಿಂದ ಎಳೀರಿ. ಬ್ಯಾಟರಿ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ರೇಡಿಯೋ ಹತ್ತಿರ ಫ್ಯೂಸ್ ಇದೆಯಲ್ಲ ಅಂತ ಸುಮಾರು ಜನ ಕೇಳ್ತಾರೆ, ಆದ್ರೆ ದಾರೀಲಿ ವೈರ್ ಉಜ್ಜಿ ಬಾಡಿಗೆ ತಾಗಿದ್ರೆ ಆ ಫ್ಯೂಸ್ ಏನೂ ಮಾಡಲ್ಲ, ಬ್ಯಾಟರಿಯಿಂದ ಅಲ್ಲಿವರೆಗಿನ ವೈರ್ ಪೂರ್ತಿ ಕಾದು ಕೆಂಪಾಗುತ್ತೆ. 4 ವಾಟಿನ ರೇಡಿಯೋ ಮಾತಾಡುವಾಗಲೂ ಎರಡು ಆಂಪ್ ಆಸುಪಾಸು ಎಳೆಯುತ್ತೆ ಅಷ್ಟೇ, 3 ಆಂಪ್ ಫ್ಯೂಸ್ ಸಾಕು. ಮೈನಸ್ ವೈರನ್ನ ಬಣ್ಣ ಕೆರೆದ ಗಟ್ಟಿ ಬೋಲ್ಟ್‌ಗೆ ಲಗ್ (ವೈರ್ ತುದಿಗೆ ಹಾಕೋ ಲೋಹದ ಬಳೆ) ಹಾಕಿ ಬಿಗೀರಿ. ಹೊಸ ಗಾಡಿಗಳಲ್ಲಿ ಬ್ಯಾಟರಿ ಮೈನಸ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಡಬ್ಬಿ ಕೂತಿರುತ್ತೆ, ಅಂಥ ಗಾಡೀಲಿ ಟರ್ಮಿನಲ್‌ಗೇ ವೈರ್ ಸಿಗಿಸಿದ್ರೆ ಬ್ಯಾಟರಿಯಿಂದ ಹೋದ ಕರೆಂಟ್ ಎಷ್ಟು ಅನ್ನೋ ಲೆಕ್ಕ ಗಾಡಿಗೆ ತಪ್ಪುತ್ತೆ, ಬಾಡಿಗೇ ಕೊಡಿ.

ಪ್ರಶ್ನೆ: ಹಿಂದಿನ ತೊಟ್ಟಿಯ ಅಂಚಿಗೆ ಬೋಲ್ಟ್ ಮಾಡೋ ಮೌಂಟ್ ಹಾಕಿ ಆಂಟೆನಾ ನಿಲ್ಲಿಸಿದೀನಿ. ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾಗೆ ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತೆ ಅಂತ ತೋರಿಸೋದು) ಎಲ್ಲ ಚಾನೆಲಲ್ಲೂ 3ರ ಮೇಲೇ ತೋರಿಸುತ್ತೆ. ಆಂಟೆನಾ ತುದಿ ಏರಿಸಿ ಇಳಿಸಿ ಸಾಕಾಯ್ತು.

ಉತ್ತರ: ತುದಿ ಮುಟ್ಟೋದು ನಿಲ್ಲಿಸಿ. ಉದ್ದ ತಪ್ಪಿದ್ರೆ ಸಾಮಾನ್ಯವಾಗಿ ಒಂದು ಕಡೆ ಕಮ್ಮಿ ಇನ್ನೊಂದು ಕಡೆ ಜಾಸ್ತಿ ಬರುತ್ತೆ, ಎಲ್ಲ ಕಡೆ ಒಂದೇ ಥರ ಕೆಟ್ಟದಾಗಿದ್ರೆ ಮೊದಲು ಮೌಂಟ್ ಅರ್ತಿಂಗು, ಕೇಬಲ್, ಪ್ಲಗ್ ನೋಡಬೇಕು. 3 ಅಂದ್ರೆ ಕಳಿಸಿದ ಪವರಲ್ಲಿ ಕಾಲು ಭಾಗ ವಾಪಸ್ ಬರ್ತಿದೆ ಅಂತ. 1.5 ಆದ್ರೆ ವಾಪಸ್ ಬರೋದು ನೂರಕ್ಕೆ ನಾಲ್ಕು ಭಾಗ, ಅಲ್ಲಿಗೆ ಬಂದ್ರೆ ನೆಮ್ಮದಿಯಾಗಿ ಇರಿ, 1.1 ಮಾಡ್ತೀನಿ ಅಂತ ಭಾನುವಾರ ಹಾಳು ಮಾಡ್ಕೋಬೇಡಿ.

ಸಿಬಿ ನಡೆಯೋದು 27 ಮೆಗಾಹರ್ಟ್ಸ್ ಆಸುಪಾಸಲ್ಲಿ, ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ ಅಂದ್ರೂ 2.7 ಮೀಟರ್ ಕಡ್ಡಿ ಬೇಕು, ನಾವು ಹಾಕೋದು ಒಂದು ಮೀಟರಿಂದು, ಒಳಗೆ ಕಾಯಿಲ್ ಸುತ್ತಿ ಮೋಸ ಮಾಡಿರೋದು. ಆಂಟೆನಾಗೆ ಇನ್ನರ್ಧ ಅಂದ್ರೆ ಗಾಡಿಯ ಮೈಯೇ. ಆ ಮೈ ಮೌಂಟ್‌ಗೆ ಸರಿಯಾಗಿ ಸಿಗದಿದ್ರೆ ಆಂಟೆನಾ ಒಂಟಿ ಕಾಲಲ್ಲಿ ನಿಂತ ಹಾಗೆ.

ಪಿಕಪ್ಪಲ್ಲಿ ಇದೇ ತೊಂದರೆ. ಕ್ಯಾಬಿನ್ ಬೇರೆ, ತೊಟ್ಟಿ ಬೇರೆ, ಎರಡೂ ಚಾಸಿಸ್ ಮೇಲೆ ರಬ್ಬರ್ರೋ ಪೇಂಟೋ ಮಧ್ಯೆ ಇಟ್ಟುಕೊಂಡು ಕೂತಿರುತ್ತವೆ. ಕಣ್ಣಿಗೆ ಎಲ್ಲ ಒಂದೇ ಕಬ್ಬಿಣ, ಕರೆಂಟ್ ಲೆಕ್ಕದಲ್ಲಿ ಮೂರು ತುಂಡು. ನಾನೂ ಇದರಲ್ಲಿ ಮೂರು ಸಂಜೆ ಕಳೆದಿದೀನಿ. ಮಲ್ಟಿಮೀಟರ್ ಒಂದು ಕಡ್ಡಿ ಆಂಟೆನಾ ಮೌಂಟ್‌ಗೆ, ಇನ್ನೊಂದು ಚಾಸಿಸ್‌ಗೆ ಇಟ್ಟೆ, ಬೀಪ್ ಅಂತು, ಅರ್ತಿಂಗ್ ಇದೆ ಅಂದುಕೊಂಡು ಹೊಸ ಆಂಟೆನಾನೂ ತಂದೆ, ಎಸ್‌ಡಬ್ಲ್ಯುಆರ್ ಮೀಟರ್ ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಹೊಳೀತು, ಕೇಬಲ್ ಇನ್ನೂ ರೇಡಿಯೋಗೆ ಸಿಕ್ಕಿಸಿಯೇ ಇತ್ತು, ಬೀಪ್ ಬಂದಿದ್ದು ಕೇಬಲ್ ಮೇಲಿನ ಜಾಲರಿಯಿಂದ ರೇಡಿಯೋ ಡಬ್ಬಿಗೆ, ಅಲ್ಲಿಂದ ರೇಡಿಯೋ ಮೈನಸ್ ವೈರ್ ಹಿಡ್ಕೊಂಡು ಚಾಸಿಸ್‌ಗೆ ಸುತ್ತು ಹೊಡೆದು. ಪ್ಲಗ್ ಬಿಚ್ಚಿ ಮತ್ತೆ ಇಟ್ಟೆ, ಬೀಪೇ ಇಲ್ಲ! ಮೌಂಟ್ ಬಿಚ್ಚಿ ನೋಡಿದ್ರೆ ಕೆಳಗೆ ಕಂಪನಿ ಪೇಂಟ್ ಕನ್ನಡಿ ಹಾಗೆ ಹೊಳೀತಿದೆ.

ಹಾಗಾಗಿ ನೀವು ಮೊದಲು ರೇಡಿಯೋ ಕಡೆ ಪ್ಲಗ್ ಬಿಚ್ಚಿ, ಆ ಪ್ಲಗ್ಗಿನ ಹೊರಗಿನ ಲೋಹಕ್ಕೂ ಚಾಸಿಸ್‌ಗೂ ಮೀಟರ್ ಇಡಿ. ಸೊನ್ನೆ ಓಮ್ ಹತ್ತಿರ ಬರಬೇಕು. ಬರದಿದ್ರೆ ಮೌಂಟ್ ಕೆಳಗೆ ಪೇಂಟ್ ಕೆರೀರಿ, ಹಲ್ಲಿರೋ ವಾಷರ್ ಹಾಕಿ ಬಿಗೀರಿ, ತೊಟ್ಟಿಯಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಕ್ಯಾಬಿನ್‌ಗೆ ಅಗಲವಾದ ಹೆಣೆದ ತಾಮ್ರದ ಪಟ್ಟಿ ಕೊಡಿ, ಎಷ್ಟು ಗಿಡ್ಡ ಇದ್ರೆ ಅಷ್ಟು ಒಳ್ಳೇದು. ಕೆರೆದ ಜಾಗಕ್ಕೆ ಬಿಗಿದಾದ ಮೇಲೆ ಗ್ರೀಸ್ ಬಳೀರಿ, ಇಲ್ಲಾಂದ್ರೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತೆ.

ಇಷ್ಟಾದ ಮೇಲೆ ಟ್ಯೂನಿಂಗ್. ಬಯಲಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ಮುಚ್ಚಿ, ಆಂಟೆನಾ ಪಕ್ಕ ಯಾರೂ ನಿಲ್ಲಬಾರದು. ಚಾನೆಲ್ 1ರಲ್ಲಿ ಒಮ್ಮೆ, 40ರಲ್ಲಿ ಒಮ್ಮೆ ನೋಡಿ. 40ರಲ್ಲಿ ಜಾಸ್ತಿ ಬಂದ್ರೆ ಆಂಟೆನಾ ಉದ್ದ ಆಯ್ತು ಅಂತ, 1ರಲ್ಲಿ ಜಾಸ್ತಿ ಬಂದ್ರೆ ಗಿಡ್ಡ. ಒಂದು ಸಲಕ್ಕೆ ಕೂದಲಷ್ಟೇ ಬದಲಾಯಿಸಿ.

ಪ್ರಶ್ನೆ: ದೊಡ್ಡ ಟ್ರಕ್ಕುಗಳ ಹಾಗೆ ಎರಡೂ ಕನ್ನಡಿಗೆ ಒಂದೊಂದು ಆಂಟೆನಾ ಹಾಕಿದ್ರೆ ರೇಂಜ್ ಡಬಲ್ ಆಗುತ್ತಾ?

ಉತ್ತರ: ಆಗಲ್ಲ. ಜೋಡಿ ಆಂಟೆನಾ ಒಂದಕ್ಕೊಂದು ಸಹಾಯ ಮಾಡಬೇಕಾದ್ರೆ ಮಧ್ಯೆ ಆ 2.7 ಮೀಟರ್ ಅಂತರ ಬೇಕು, ಪಿಕಪ್ ಅಷ್ಟು ಅಗಲ ಇರಲ್ಲ. ನೋಡೋಕೆ ಜೋರಾಗಿರುತ್ತೆ ಅಂತ ಹಾಕಿದ್ರೆ ಹಾಕಿ, ಅದು ನಿಮ್ಮ ಇಷ್ಟ. ರೇಂಜ್ ಬೇಕು ಅಂದ್ರೆ ಕ್ಯಾಬಿನ್ ಟಾಪಿನ ನಟ್ಟನಡುವೆ ಒಂದೇ ಆಂಟೆನಾ.

ಪ್ರಶ್ನೆ: ರೇಡಿಯೋಗೆ ಎಳೆದ ವೈರಿಂದಲೇ ಫಾಗ್ ಲ್ಯಾಂಪ್, ಯುಎಸ್‌ಬಿ ಚಾರ್ಜರ್, ಸಣ್ಣ ಇನ್ವರ್ಟರ್ ಎಲ್ಲ ಕೊಡಬಹುದಾ ಸರ್? ಪದೇ ಪದೇ ವೈರ್ ಎಳೆಯೋಕೆ ಬೇಜಾರು.

ಉತ್ತರ: ಬೇಜಾರು ನನಗೂ ಇದೆ, ಆದ್ರೆ ಲೆಕ್ಕ ನೋಡಿ. 55 ವಾಟಿನ ಎರಡು ಬಲ್ಬ್ ಅಂದ್ರೆ 110 ವಾಟ್, 12 ವೋಲ್ಟಿಂದ ಭಾಗಿಸಿದ್ರೆ 9 ಆಂಪ್ ದಾಟುತ್ತೆ. 600 ವಾಟಿನ ಇನ್ವರ್ಟರ್ ಪೂರ್ತಿ ಎಳೆದ್ರೆ 50 ಆಂಪ್ ಮೇಲೆ. ರೇಡಿಯೋದ ಸಣ್ಣ ವೈರಲ್ಲಿ ಇದೆಲ್ಲ ಹರಿಸಿದ್ರೆ ಅದು ವೈರಲ್ಲ, ಹೀಟರ್. ಫ್ಯೂಸ್ ಹಾರ್ತಿದೆ ಅಂತ ದಪ್ಪ ಫ್ಯೂಸ್ ಹಾಕೋರನ್ನ ನೋಡಿದೀನಿ, ಫ್ಯೂಸ್ ಇರೋದೇ ವೈರ್ ಉಳಿಸೋಕೆ ಅನ್ನೋದನ್ನ ಮರೀತಾರೆ.

ಒಂದೇ ಸಲ ಕಷ್ಟಪಡಿ. ಬ್ಯಾಟರಿಯಿಂದ ಒಂದು ದಪ್ಪ ವೈರ್, ಅದಕ್ಕೆ ಶುರುವಲ್ಲೇ ಮೇನ್ ಫ್ಯೂಸ್, ಅದನ್ನ ತಂದು ಸೀಟ್ ಕೆಳಗೋ ಬಾನೆಟ್ ಒಳಗೋ ಒಂದು ಫ್ಯೂಸ್ ಬಾಕ್ಸ್‌ಗೆ ಕೊಡಿ. ಅಲ್ಲಿಂದ ಪ್ರತಿ ಸಾಮಾನಿಗೂ ಅದರದ್ದೇ ವೈರ್, ಅದರದ್ದೇ ಫ್ಯೂಸ್, ಫಾಗ್ ಲ್ಯಾಂಪಿಗೆ 15 ಆಂಪ್ ಇರಲಿ, ಅದಕ್ಕೆ ತಕ್ಕ ದಪ್ಪದ ವೈರೂ ಇರಲಿ. ಇನ್ವರ್ಟರ್ ಮಾತ್ರ ಬೇರೆಯಾಗಿ ನೇರ ಬ್ಯಾಟರಿಯಿಂದ. ಲ್ಯಾಂಪಿಗೆ ರಿಲೇ ಹಾಕಿ, ಅಂದ್ರೆ ಸಣ್ಣ ಕರೆಂಟಿಂದ ದೊಡ್ಡ ಕರೆಂಟನ್ನ ಆನ್ ಮಾಡೋ ಡಬ್ಬಿ, ಅದರ ಪಿನ್‌ಗಳಿಗೆ ನಂಬರ್ ಇರುತ್ತೆ: 30ಕ್ಕೆ ಫ್ಯೂಸ್ ದಾಟಿ ಬಂದ ಪ್ಲಸ್, 87ರಿಂದ ಲ್ಯಾಂಪಿಗೆ, 86ಕ್ಕೆ ಸ್ವಿಚ್ಚಿಂದ, 85 ಬಾಡಿಗೆ. ಡ್ಯಾಶ್‌ಬೋರ್ಡ್ ಸ್ವಿಚ್ಚಲ್ಲಿ ಆಗ ಚಿಟಿಕೆ ಕರೆಂಟ್ ಹರಿದ್ರೆ ಸಾಕು. ಫೈರ್‌ವಾಲ್‌ಗೆ (ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ತಗಡು) ತೂತು ಕೊರೆಯೋ ಮುಂಚೆ ಆ ಕಡೆ ಏನಿದೆ ಅಂತ ಬಗ್ಗಿ ನೋಡಿ, ತೂತಿಗೆ ರಬ್ಬರ್ ಬುಷ್ ಹಾಕದೆ ವೈರ್ ತೂರಿಸಬೇಡಿ, ತಗಡಿನ ಅಂಚು ಬ್ಲೇಡಿದ್ದ ಹಾಗೆ. ಬಾಗಿಲ ಪಕ್ಕದ ಕಂಬದ (ಪಿಲ್ಲರ್) ಹತ್ತಿರ ಹಳದಿ ಕವರಿನ ವೈರ್ ಕಂಡ್ರೆ ಅದು ಏರ್‌ಬ್ಯಾಗಿಂದಿರಬಹುದು, ಕೈ ಹಾಕಬೇಡಿ.

ಅಂದ ಹಾಗೆ ಆ ಯುಎಸ್‌ಬಿ ಚಾರ್ಜರ್, ಎಲ್‌ಇಡಿ ಲೈಟು, ಇವೂ ರೇಡಿಯೋಗೆ ಶತ್ರುಗಳೇ. ಸ್ಕ್ವೆಲ್ಚ್ (ಯಾರೂ ಮಾತಾಡದಿದ್ದಾಗ ಗೊರಗೊರ ಸದ್ದು ಮುಚ್ಚೋ ಗುಂಡಿ) ತೆರೆದಿಟ್ಟು ಒಂದೊಂದಾಗಿ ಆನ್ ಮಾಡಿ, ಯಾವುದಕ್ಕೆ ಭರ್‌ರ್ ಅನ್ನುತ್ತೋ ಅದರ ವೈರ್‌ಗೆ ಫೆರೈಟ್ ಉಂಗುರ (ರೇಡಿಯೋ ಗದ್ದಲ ತಡೆಯೋ ಬಳೆ) ಹಾಕಿ ನೋಡಿ, ಆಗಲೂ ನಿಲ್ಲದಿದ್ರೆ ಆ ಸಾಮಾನನ್ನೇ ಬಿಸಾಕಿ.

ಪ್ರಶ್ನೆ: ಇದೆಲ್ಲ ಹಾಕಿಸಿದ ಮೇಲೆ ನಾಲ್ಕೈದು ದಿನ ಗಾಡಿ ನಿಂತ್ರೆ ಸ್ಟಾರ್ಟೇ ಆಗಲ್ಲ. ಬ್ಯಾಟರಿ ಹೊಸದು.

ಉತ್ತರ: ಯಾವುದೋ ಒಂದು ರಾತ್ರಿ ಹಗಲು ಕುಡೀತಿದೆ. ಅರ್ಧ ಆಂಪ್ ಅಂದ್ರೂ ದಿನಕ್ಕೆ 12 ಆಂಪ್ ಅವರ್ ಹೋಯ್ತು, 60 ಆಂಪ್ ಅವರ್ ಬ್ಯಾಟರಿ ಐದು ದಿನಕ್ಕೆ ಬರಿದು, ಸ್ಟಾರ್ಟರ್ ತಿರುಗಿಸೋ ಶಕ್ತಿ ಅದಕ್ಕೂ ಮುಂಚೆಯೇ ಹೋಗಿರುತ್ತೆ. ಮಲ್ಟಿಮೀಟರನ್ನ 10 ಆಂಪ್ ಸಾಕೆಟ್‌ಗೆ ಹಾಕಿ, ಮೈನಸ್ ಟರ್ಮಿನಲ್ ಬಿಚ್ಚಿ ಅದಕ್ಕೂ ಬಿಚ್ಚಿದ ಕೇಬಲ್‌ಗೂ ಮಧ್ಯೆ ಸೇರಿಸಿ, ಬಾಗಿಲು ಮುಚ್ಚಿ, ಅರ್ಧ ಮುಕ್ಕಾಲು ಗಂಟೆ ಬಿಡಿ, ಹೊಸ ಗಾಡಿಯ ಕಂಪ್ಯೂಟರುಗಳು ನಿದ್ದೆ ಹೋಗೋಕೆ ಟೈಮ್ ತಗೊಳ್ಳುತ್ತವೆ. ಮೀಟರ್ ಇರುವಾಗ ಸೆಲ್ಫ್ ಹೊಡೆದ್ರೆ ಮೀಟರ್ ಫ್ಯೂಸ್ ಹಾರುತ್ತೆ, ಕೀ ಕಿಸೆಯಲ್ಲಿರಲಿ. 50 ಮಿಲಿ ಆಂಪ್ ಒಳಗೆ ಬಂದ್ರೆ ಗಾಡಿ ಸರಿ ಇದೆ. ಜಾಸ್ತಿ ಇದ್ರೆ ಹೊಸದಾಗಿ ಹಾಕಿದ ಫ್ಯೂಸ್‌ಗಳನ್ನ ಒಂದೊಂದಾಗಿ ಕಿತ್ತು ನೋಡಿ, ಯಾವುದು ಕಿತ್ತಾಗ ಅಂಕಿ ದಡಕ್ ಅಂತ ಇಳಿಯುತ್ತೋ ಅದೇ. ನನ್ನ ಅನುಮಾನ ಇನ್ವರ್ಟರ್ ಮೇಲೆ, ಏನೂ ಸಿಕ್ಕಿಸದಿದ್ರೂ ಸ್ವಿಚ್ ಆನ್ ಇದ್ರೆ ಅದು ಸುಮ್ಮನೆ ತಿಂತಾ ಇರುತ್ತೆ.