ಅಪ್ಪನಿಗೂ ಸಿಹಿ ಹುಚ್ಚು, ನನಗೂ. ವಂಶದಿಂದ ಬಂದಿದ್ದನ್ನು ಬಿಡಿಸೋಕೆ ಆಗುತ್ತಾ?

ರಕ್ತದಲ್ಲೇ ಇದ್ದರೆ ಬಿಡುವ ಪ್ರಯತ್ನವೇ ದಂಡ ಅಲ್ವಾ ಅಂದಿದ್ದೀರಿ. 11 ವರ್ಷದ ಹಿಂದೆ ನಾನೂ ಇದೇ ಮಾತು ಆಡುತ್ತಿದ್ದೆ.

ನಮ್ಮದು ಮಂಡ್ಯ ಕಡೆ. ಅಜ್ಜ ಆಲೆಮನೆ ನಡೆಸುತ್ತಿದ್ದರು. ಊಟದ ಕೊನೆಗೆ ಬೆಲ್ಲದ ಚೂರು ಬಾಯಿಗೆ ಬೀಳದಿದ್ದರೆ ಅಪ್ಪನಿಗೆ ಉಂಡ ಹಾಗೇ ಆಗುತ್ತಿರಲಿಲ್ಲ. ನನಗೆ ಕಾಫಿಗೆ ಮೂರು ಚಮಚ ಸಕ್ಕರೆ.

ದೊಡ್ಡ ಮಗಳಿಗೆ ವರ್ಷ ತುಂಬಿದಾಗ ಹಸುವಿನ ಹಾಲು ಶುರು ಮಾಡಿದೆವು. ಮೊದಲ ಗುಟುಕಿಗೇ ಮುಖ ತಿರುಗಿಸಿದಳು. ‘ನಮ್ಮ ವಂಶದ ಕೂಸು, ಸಪ್ಪೆ ಹಾಲು ಕುಡಿಯುತ್ತಾ’ ಅಂತ ನಾನೇ ಒಂದು ಚಮಚ ಸಕ್ಕರೆ ಕಲಸಿದೆ. ಗಟಗಟ ಕುಡಿದಳು. ತಪ್ಪಾಗಿದ್ದು ಇಲ್ಲೇ. ಹುಟ್ಟಿದ ದಿನದ ಮಗುವೂ ಸಿಹಿ ಅಂದರೆ ಚಪ್ಪರಿಸುತ್ತದೆ, ಯಾರ ಮನೆಯದಾದರೂ ಸರಿ. ನಾನು ಅದನ್ನೇ ವಂಶಕ್ಕೆ ಸಾಕ್ಷಿ ಅಂದುಕೊಂಡೆ. ನಾಲ್ಕು ದಿನ ತಡೆದಿದ್ದರೆ ಸಾಕಿತ್ತು. ನಾಲ್ಕೇ ದಿನ! ತಡೆಯಲಿಲ್ಲ. ಆಮೇಲೆ ರಾಗಿ ಸರಿಗೂ ಸಕ್ಕರೆ, ಮೊಸರನ್ನಕ್ಕೂ ಸಕ್ಕರೆ. ನಾಲ್ಕು ವರ್ಷ ತುಂಬುವಷ್ಟರಲ್ಲಿ ಮುಂದಿನ ಹಲ್ಲೆಲ್ಲ ಹುಳುಕು.

ಜೀನ್ ಸುಳ್ಳು ಅಂತ ಹೇಳುತ್ತಿಲ್ಲ. ಬೆಕ್ಕಿಗೆ ಸಿಹಿ ಗುರುತಿಸುವ ಒಂದು ಜೀನ್ ಕೆಟ್ಟಿರುವುದರಿಂದ ಆ ರುಚಿಯೇ ಗೊತ್ತಾಗುವುದಿಲ್ಲ. ಮನುಷ್ಯರದ್ದು ಅಷ್ಟು ಸಲೀಸಲ್ಲ. ಅವಳಿಗಳನ್ನು ಹೋಲಿಸಿದ ಅಧ್ಯಯನಗಳ ಪ್ರಕಾರ ಸಿಹಿಯ ವಿಷಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಜೀನ್ ಪಾಲು ಸುಮಾರು ಮೂರನೇ ಒಂದರಿಂದ ಅರ್ಧ. 1980ರ ದಶಕದಲ್ಲಿ ಅಮೆರಿಕದಲ್ಲಿ ನೋಡಿದ್ದರು, ಎಳೆಯದರಲ್ಲಿ ಸಕ್ಕರೆ ನೀರು ಕುಡಿದು ಬೆಳೆದ ಮಕ್ಕಳು ಎರಡು ವರ್ಷಕ್ಕೂ ಸಿಹಿ ನೀರನ್ನೇ ಜಾಸ್ತಿ ಕುಡಿದವು. ಇದನ್ನು ಓದಿದಾಗ ನನ್ನ ಚಮಚ ನೆನಪಾಯಿತು.

ಹಾಗಾಗಿ ಜೀನ್ ಟೆಸ್ಟ್‌ಗೆ ದುಡ್ಡು ಸುರಿಯಬೇಡಿ. ಬೆಲ್ಲಕ್ಕೆ ಬದಲಾಯಿಸುವುದೂ ಸುಮ್ನೆ. ಆಲೆಮನೆಯವರ ಮೊಮ್ಮಗ ಹೇಳುತ್ತಿದ್ದೇನೆ, ಅದರಲ್ಲೂ ಬಹುಪಾಲು ಅದೇ ಸಕ್ಕರೆ. ಕಾಫಿಗೆ ವಾರಕ್ಕೆ ಕಾಲು ಚಮಚ ಇಳಿಸುತ್ತಾ ಬನ್ನಿ. ನಾನೀಗ ಅರ್ಧ ಚಮಚಕ್ಕೆ ಬಂದಿದ್ದೇನೆ. ಆಸೆ ಹೋಯಿತಾ? ಎಲ್ಲಿ, ಹಬ್ಬದಲ್ಲಿ ಹೋಳಿಗೆ ತಟ್ಟೆಗೆ ಮೊದಲು ಕೈ ಹಾಕೋದು ಈಗಲೂ ನಾನೇ. ‘ಬಿಡಿಸೋದು’ ಅನ್ನೋ ಮಾತೇ ನನಗೆ ಒಪ್ಪಿಗೆ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೊದಲು ಅವರ ಲೋಟ ನೋಡಿ.

ಚಿಕ್ಕ ಮಗಳ ಹಾಲಿಗೆ ಸಕ್ಕರೆ ಹಾಕಲೇ ಇಲ್ಲ. ಮೂರು ದಿನ ಉಗಿದಳು, ನಾಲ್ಕನೇ ದಿನ ಕುಡಿದಳು. ಅವಳಿಗೆ ಬೇರೆ ಜೀನ್ ಬಂದಿರಬಹುದು ಅಂತ ನನ್ನ ತಮ್ಮನ ವಾದ. ಇರಬಹುದು. ದೊಡ್ಡವಳು ಈಗಲೂ ಹಾಲು ಮುಗಿಸಿ, ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ಬೆರಳಲ್ಲಿ ಬಳಿದು ನೆಕ್ಕುತ್ತಾಳೆ. ಚಿಕ್ಕವಳು ಅವಳನ್ನೇ ನೋಡುತ್ತಾ, ‘ಅಕ್ಕಾ, ಖಾಲಿ ಲೋಟದಲ್ಲಿ ಏನಿದೆ?’ ಅಂತ ಕೇಳುತ್ತಾಳೆ.